ಮನೋರಮೆಯ ಅಡ್ಡಮಾತು

ಮುದ್ದಣನ ‘ಶ್ರೀರಾಮಾಶ್ವಮೇಧಂ’ ರಾಮನ ಯಜ್ಞದ ಕುದುರೆಯ ಕಥೆ. ಆದರೆ ಶಾಲೆಯ ಪಾಠದಲ್ಲಿ ಅದರ ಒಂದೆರಡು ಪುಟ ಓದಿದ ಯಾರನ್ನೇ ಕೇಳಿ, ಅವರ ನೆನಪಿನಲ್ಲಿ ಉಳಿದಿರುವುದು ಅದರಲ್ಲಿ ಮುದ್ದಣನ ಹೆಂಡತಿಯಾಗಿ ಬರುವ ಮನೋರಮೆ. ಮಳೆಗಾಲದ ದಿನ, ಮನೆಗೆ ಬಂದ ಗಂಡನ ಹತ್ತಿರ ಹೊತ್ತು ಕಳೆಯಲು ಒಂದು ಕಥೆ ಬೇಕೆನ್ನುತ್ತಾಳೆ. ಯಾವ ಕಥೆ ಎಂಬುದು ಅವಳು ಒಪ್ಪಿದ ಮೇಲೆಯೇ ಗಟ್ಟಿ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎಂದು ಹಟ ಹಿಡಿಯುವವಳೂ ಅವಳೇ. ಅವನು ಸಂಸ್ಕೃತ ಸುರಿಯತೊಡಗಿದರೆ ಅಲ್ಲೇ ತಡೆಯುತ್ತಾಳೆ. ಮುದ್ದಣ ಎಂಬ ಹೆಸರಿನಲ್ಲಿ ಬರೆದ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೇ, ಕ್ಷಯದಿಂದ ತೀರಿಕೊಂಡರು. ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಅವರು ಕಟ್ಟಿಕೊಟ್ಟ ಈ ಕಾವ್ಯದೊಳಗೆ, ಕವಿ ಗದ್ಯದ ದಾರಿ ಹಿಡಿಯುವುದು ಹೆಂಡತಿಯ ಆಕ್ಷೇಪಕ್ಕೆ ಮಣಿದು. ಅಲ್ಲಿ ಮುದ್ದಣ ಪುಸ್ತಕ ಹಿಡಿದು ಓದುವುದಿಲ್ಲ, ಬಾಯಲ್ಲಿ ಕಥೆ ಹೇಳುತ್ತಾನೆ, ನಿಜ. ಆದರೂ ಗಂಡಹೆಂಡಿರು ಒಬ್ಬರಿಗೊಬ್ಬರು ಪುಸ್ತಕ ಓದಿ ಹೇಳುವ ಅಭ್ಯಾಸದ ಬಗ್ಗೆ ನಾನು ಹೇಳಬೇಕೆಂದಿರುವುದರ ತಿರುಳು ಆ ಸಲ್ಲಾಪದಲ್ಲೇ ಇದೆ. ಕೇಳುವವರಿಗೆ ಓದುವವರನ್ನು ತಡೆಯುವ ಹಕ್ಕಿದೆ. ಆ ಹಕ್ಕು ಇರುವುದರಿಂದಲೇ ಈ ಅಭ್ಯಾಸ ಬೇರೆ ಯಾವ ಮನರಂಜನೆಯೂ ಕೊಡದ್ದನ್ನು ದಾಂಪತ್ಯಕ್ಕೆ ಕೊಡಬಲ್ಲದು.

ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಮನೆಯೊಳಗಿನ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಸಂಸಾರಸ್ಥರಿಗೆ ಹೇಳಬೇಕಿಲ್ಲ. ಗ್ಯಾಸ್ ಬುಕ್ ಆಯಿತಾ, ಮಗುವಿನ ಫೀಸು ಕಟ್ಟಬೇಕು, ಅಮ್ಮನ ಮಾತ್ರೆ ಮುಗಿದಿದೆ, ನಾಳೆ ನೀರು ಬರುತ್ತದೋ ಇಲ್ಲವೋ. ಇವೆಲ್ಲ ಬೇಕಾದ ಮಾತುಗಳೇ, ಮನೆ ನಡೆಯುವುದು ಇವುಗಳಿಂದಲೇ. ಕಷ್ಟ ಬರುವುದು ಇವಿಷ್ಟೇ ಉಳಿದಾಗ. ಡೊನಾಲ್ಡ್ ಹೇಯ್ಸ್ ಮತ್ತು ಮಾರ್ಗರೆಟ್ ಆರೆನ್ಸ್ ಎಂಬ ಅಮೆರಿಕದ ಸಂಶೋಧಕರು ಇಂಗ್ಲಿಷಿನ ಮಾತು ಮತ್ತು ಬರಹಗಳನ್ನು ಎಣಿಸಿ ನೋಡಿ 1988ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಕಾಲೇಜು ಓದಿದವರು ತಮ್ಮ ಗೆಳೆಯರ ಜೊತೆ, ಬಾಳಸಂಗಾತಿಯ ಜೊತೆ ಆಡುವ ಮಾತಿನಲ್ಲಿ ಅಪರೂಪದ ಪದಗಳು ಸಾವಿರಕ್ಕೆ ಸುಮಾರು 17. ಮಕ್ಕಳ ಪುಸ್ತಕದಲ್ಲಿ ಅದು ಸುಮಾರು 31, ದೊಡ್ಡವರ ಪುಸ್ತಕದಲ್ಲಿ 50ಕ್ಕೂ ಹೆಚ್ಚು. ಓದು ಬಲ್ಲ ಇಬ್ಬರು ದೊಡ್ಡವರು ಮನೆಯಲ್ಲಿ ಆಡುವ ಮಾತು ಒಂದು ಮಕ್ಕಳ ಕಥೆಗಿಂತ ಬಡವಾಗಿರುತ್ತದೆ ಎಂದಾಯಿತು. ಕನ್ನಡದಲ್ಲಿ ಅಂಕಿ ಬೇರೆ ಇರಬಹುದು, ಆದರೆ ಮನೆಮಾತಿಗೂ ಪುಸ್ತಕಕ್ಕೂ ಇರುವ ಈ ದೂರ ನಮ್ಮಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಪದಗಳ ಹಿಂದೆಯೇ ಸಂಗತಿಗಳೂ ಹೋಗಿಬಿಡುತ್ತವೆ. ತಮ್ಮನ ಏಳಿಗೆ ಕಂಡು ಅಣ್ಣನಿಗೆ ಆಗುವ ಸಂಕಟ, ವಯಸ್ಸಾದಂತೆ ಹೆಚ್ಚುವ ಸಾವಿನ ಭಯ, ಇಪ್ಪತ್ತು ವರ್ಷದ ಹಿಂದೆ ಬಿಟ್ಟುಕೊಟ್ಟ ಆಸೆ, ಇವನ್ನು ತರಕಾರಿ ಲೆಕ್ಕದ ನಡುವೆ ಯಾರೂ ತಾವಾಗಿ ಎತ್ತುವುದಿಲ್ಲ. ಎತ್ತಲು ಒಂದು ನೆವ ಬೇಕು. ಪುಸ್ತಕ ಅಂಥ ನೆವ.

ನೆವ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಒಂದು ಪುರಾವೆ ಇದೆ. ರೋಚೆಸ್ಟರ್ ವಿಶ್ವವಿದ್ಯಾಲಯದ ರೊನಾಲ್ಡ್ ರಾಗ್ ಮತ್ತು ಸಂಗಡಿಗರು ಹೊಸದಾಗಿ ಮದುವೆಯಾದ 174 ಜೋಡಿಗಳನ್ನು ಮೂರು ವರ್ಷ ಗಮನಿಸಿದರು. ಕೆಲವರಿಗೆ ಜಗಳವನ್ನು ನಿಭಾಯಿಸುವ ಬಗ್ಗೆ ತಜ್ಞರ ತರಬೇತಿ ಸಿಕ್ಕಿತು. ಇನ್ನು ಕೆಲವರು ಮಾಡಿದ್ದು ಇಷ್ಟೇ: ದಾಂಪತ್ಯದ ಕಥೆಯಿರುವ ಸಿನಿಮಾ ಒಟ್ಟಿಗೆ ನೋಡಿ, ಆಮೇಲೆ ಕೂತು ಅದರ ಬಗ್ಗೆ ಮಾತಾಡುವುದು. ಯಾವ ನೆರವೂ ಪಡೆಯದವರಲ್ಲಿ ಮೂರು ವರ್ಷದೊಳಗೆ ಶೇ 24ರಷ್ಟು ಜೋಡಿಗಳು ಬೇರೆಯಾದರೆ, ತರಬೇತಿ ಪಡೆದವರಲ್ಲೂ ಸಿನಿಮಾ ನೋಡಿ ಮಾತಾಡಿದವರಲ್ಲೂ ಆ ಪ್ರಮಾಣ ಶೇ 11ರ ಆಸುಪಾಸಿಗೆ ಇಳಿದಿತ್ತು. ಇದು ಅಮೆರಿಕದ ಮಾತು, ಸಿನಿಮಾದ ಮಾತು, ಹೊಸ ಮದುವೆಯ ಮಾತು. ಪುಸ್ತಕ ಓದಿದರೆ ಸಂಸಾರ ಸರಿಹೋಗುತ್ತದೆ ಎಂದು ಇದನ್ನು ಹಿಡಿದು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಕೆಲಸ ಮಾಡಿದ್ದು ಪರದೆಯೊಂದೇ ಅಲ್ಲ, ನೋಡಿದ ಮೇಲೆ ನಡೆದ ಮಾತುಕತೆಯೂ ಹೌದು ಎಂಬುದನ್ನು ಗಮನಿಸಬೇಕು. ‘ನೀನು ಯಾವಾಗಲೂ ಹೀಗೆಯೇ’ ಎಂದರೆ ಜಗಳ ಹುಟ್ಟುತ್ತದೆ. ‘ಆ ಪಾತ್ರ ಹಾಗೆ ಮಾಡಬಾರದಿತ್ತು’ ಎಂದರೆ ಯೋಚನೆ ಹುಟ್ಟುತ್ತದೆ. ಇಬ್ಬರ ನಡುವೆ ಮೂರನೆಯವರೊಬ್ಬರು ಬಂದು ಕೂತಾಗ ಇಬ್ಬರೂ ತಮ್ಮ ಬಗ್ಗೆ ನಿಜ ಹೇಳಲು ಅಷ್ಟು ಹೆದರುವುದಿಲ್ಲ. ಸಿನಿಮಾದಲ್ಲಿ ಈ ಮಾತಿಗೆ ಕೊನೆಯವರೆಗೂ ಕಾಯಬೇಕು, ಅಷ್ಟು ಹೊತ್ತಿಗೆ ನಿದ್ದೆ ಬಂದಿರುತ್ತದೆ. ಗಟ್ಟಿಯಾಗಿ ಓದುವಾಗ ವಾಕ್ಯದ ನಡುವೆಯೇ ‘ನಿಲ್ಲಿಸು’ ಎನ್ನಬಹುದು.

ಕೇಳುವವರ ಈ ಸ್ಥಾನ ಎಷ್ಟು ದೊಡ್ಡದೆಂಬುದಕ್ಕೆ ಇಂಗ್ಲಿಷ್ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಮತ್ತು ಆಕೆಯ ಸಂಗಾತಿ ಜಾರ್ಜ್ ಹೆನ್ರಿ ಲ್ಯೂಯಿಸ್ ಅವರ ಬದುಕಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಲ್ಯೂಯಿಸ್‌ಗೆ ಹೆಂಡತಿಯಿಂದ ಕಾನೂನಿನ ಪ್ರಕಾರ ವಿಚ್ಛೇದನ ಸಿಗುವಂತಿರಲಿಲ್ಲ. ಹಾಗಾಗಿ 1854ರಿಂದ ಅವರು 1878ರಲ್ಲಿ ತೀರಿಕೊಳ್ಳುವವರೆಗೂ ಇಬ್ಬರೂ ಮದುವೆಯಿಲ್ಲದೆ ಒಟ್ಟಿಗೆ ಬಾಳಿದರು, ಲಂಡನ್ನಿನ ಮರ್ಯಾದಸ್ಥರು ಆಕೆಯನ್ನು ಮನೆಗೆ ಕರೆಯುವುದನ್ನೇ ನಿಲ್ಲಿಸಿದ್ದರು. ಬರ್ಲಿನ್ನಿನಲ್ಲಿ ಕಳೆದ ಮೊದಲ ಚಳಿಗಾಲದಲ್ಲಿ ಅವರ ಸಂಜೆಗಳು ಶೇಕ್ಸ್‌ಪಿಯರ್, ಗಯಟೆ, ಹೈನೆಯರನ್ನು ಒಬ್ಬರಿಗೊಬ್ಬರು ಓದಿ ಹೇಳುವುದರಲ್ಲಿ ಹೋದವು, ಆ ಅಭ್ಯಾಸ ಕೊನೆಯವರೆಗೂ ಬಿಡಲಿಲ್ಲ. 1856ರಲ್ಲಿ ಆಕೆ ಮೊದಲ ಕಥೆ ಬರೆಯತೊಡಗಿದಾಗ ಲ್ಯೂಯಿಸ್‌ಗೆ ಒಂದು ಅನುಮಾನವಿತ್ತು. ಮಾತು ಚುರುಕಾಗಿದೆ, ಆದರೆ ಓದುವವರ ಕಣ್ಣು ತೇವವಾಗುವಂತೆ ಬರೆಯಲು ಈಕೆಗೆ ಸಾಧ್ಯವೇ? ಕಥೆಯಲ್ಲಿ ತಾಯಿಯೊಬ್ಬಳು ಸಾಯುವ ಅಧ್ಯಾಯ ಬಂದಾಗ, ಆಕೆ ನೆಮ್ಮದಿಯಾಗಿ ಬರೆಯಲಿ ಎಂದು ಅವರು ಒಂದು ಸಂಜೆ ಬೇಕೆಂದೇ ಪೇಟೆಗೆ ಹೋದರು. ಹಿಂತಿರುಗಿದ ಮೇಲೆ ಆಕೆ ಓದಿದರು, ಇಬ್ಬರೂ ಅತ್ತರು, ಅನುಮಾನ ಮುಗಿಯಿತು. ಎಲಿಯಟ್ ಇದನ್ನು ತಾವೇ ಬರೆದಿಟ್ಟಿದ್ದಾರೆ. ಆ ರಾತ್ರಿ ಲ್ಯೂಯಿಸ್ ಬರೀ ಹೊಗಳುವ ಕಿವಿಯಾಗಿದ್ದರೆ ಆ ಕಣ್ಣೀರಿಗೆ ಬೆಲೆ ಇರುತ್ತಿರಲಿಲ್ಲ. ಅದುವರೆಗೂ ಅನುಮಾನ ಪಡುತ್ತಿದ್ದ ಕಿವಿಯಾಗಿದ್ದರಿಂದಲೇ ಅದು ಆಕೆಯನ್ನು ಕಾದಂಬರಿಗಾರ್ತಿಯನ್ನಾಗಿ ಮಾಡಿತು.

ಇಬ್ಬರೂ ಸಾಹಿತಿಗಳು, ಅವರಿಗೇನು ಎನ್ನಬಹುದು. ಹಾಗಾದರೆ ಚಾರ್ಲ್ಸ್ ಮತ್ತು ಎಮ್ಮಾ ಡಾರ್ವಿನ್ ಅವರನ್ನು ನೋಡೋಣ. ಕೆಂಟ್ ಸೀಮೆಯ ಡೌನ್ ಹೌಸ್‌ನಲ್ಲಿ ಡಾರ್ವಿನ್ನರ ದಿನಚರಿ ಗಡಿಯಾರದಂತೆ ನಡೆಯುತ್ತಿತ್ತೆಂದು ಮಗ ಫ್ರಾನ್ಸಿಸ್ ಬರೆದಿದ್ದಾರೆ. ಆ ದಿನಚರಿಯಲ್ಲಿ, ಡಾರ್ವಿನ್ ಸೋಫಾದ ಮೇಲೆ ಒರಗಿರುವುದು, ಎಮ್ಮಾ ಕಾದಂಬರಿ ಓದಿ ಹೇಳುವುದು ಒಂದು ಖಾಯಂ ಭಾಗ. ಆ ದಂಪತಿಗಳ ನಡುವೆ ಸಣ್ಣ ಬಿರುಕೇನೂ ಇರಲಿಲ್ಲ. ಎಮ್ಮಾ ಗಾಢ ದೈವಭಕ್ತೆ, ಚಾರ್ಲ್ಸ್ ನಂಬಿಕೆ ಕಳೆದುಕೊಂಡವರು. ಸತ್ತ ಮೇಲೆ ನಾವಿಬ್ಬರೂ ಒಂದೇ ಕಡೆ ಇರುತ್ತೇವೆಯೇ ಎಂಬ ಕಳವಳವನ್ನು ಮದುವೆಯಾದ ಹೊಸತರಲ್ಲೇ ಆಕೆ ಪತ್ರದಲ್ಲಿ ತೋಡಿಕೊಂಡಿದ್ದರು. ಜೀವನದ ಅತಿ ದೊಡ್ಡ ಪ್ರಶ್ನೆಯಲ್ಲಿ ಒಪ್ಪದ ಇಬ್ಬರು ನಾಲ್ಕು ದಶಕ ದಿನವೂ ಒಂದೇ ಪುಸ್ತಕದ ಎದುರು ಕೂರುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. 1876ರಲ್ಲಿ ಬರೆದ ಆತ್ಮಕಥನದಲ್ಲಿ ಡಾರ್ವಿನ್, ಕವಿತೆ ಓದುವ ರುಚಿ ತನ್ನಲ್ಲಿ ಸತ್ತೇಹೋಗಿದೆ ಎಂದು ಮರುಗುತ್ತಾರೆ. ಆದರೆ ತನಗೆ ಓದಿ ಹೇಳಿದ ಕಾದಂಬರಿಗಳನ್ನು ಸಂತೋಷದಿಂದ ನೆನೆಯುತ್ತಾರೆ, ದುಃಖಾಂತದ ಕಾದಂಬರಿಗಳ ವಿರುದ್ಧ ಕಾಯ್ದೆಯೇ ಬರಬೇಕು ಎನ್ನುತ್ತಾರೆ. ಕವಿತೆಯ ರುಚಿ ಬಾಡಲು ಕಾರಣ ಇನ್ನೂ ಹಲವಿದ್ದೀತು. ಒಬ್ಬರೇ ಕಾಪಾಡಿಕೊಳ್ಳಬೇಕಾದ ಅಭ್ಯಾಸ ಕೆಲಸದ ಒತ್ತಡದಲ್ಲಿ ಕೈತಪ್ಪುತ್ತದೆ, ಇನ್ನೊಬ್ಬರು ಎದುರು ಕಾದು ಕೂತಿರುವ ಅಭ್ಯಾಸ ಉಳಿಯುತ್ತದೆ ಎಂಬುದನ್ನಂತೂ ಆ ಮನೆ ತೋರಿಸುತ್ತದೆ.

ಕನ್ನಡಿಗರಿಗೆ ಇದನ್ನು ಇಂಗ್ಲೆಂಡಿನಿಂದ ಕಲಿಯುವ ಅಗತ್ಯವಿಲ್ಲ. ನಮ್ಮ ಕಾವ್ಯ ಹುಟ್ಟಿದ್ದೇ ಕಿವಿಗಾಗಿ. ಕುಮಾರವ್ಯಾಸನ ಭಾಮಿನಿ, ಲಕ್ಷ್ಮೀಶನ ವಾರ್ಧಕ ಕಣ್ಣಿಗಿಂತ ಬಾಯಿಗೆ ಬೇಗ ಒಲಿಯುತ್ತವೆ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ದೇಶ ಗುರುತಿಸಿದ್ದು ಈ ಇಬ್ಬರ ಓದನ್ನೇ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ನವರಾತ್ರಿ ಬಂತೆಂದರೆ ಚಿದಾನಂದಾವಧೂತರ ದೇವಿ ಪುರಾಣ ಮನೆಯವರ ಬಾಯಲ್ಲೇ ಪಾರಾಯಣವಾಗುತ್ತದೆ. ಹಬ್ಬಕ್ಕೆ, ದೇವರಿಗೆ ಮೀಸಲಾದ ಈ ದನಿ ಕಾದಂಬರಿಗೂ ಪ್ರಬಂಧಕ್ಕೂ ಮಾಮೂಲಿ ದಿನದ ರಾತ್ರಿಗೂ ದಾಟಿಬರಲಿ ಎಂಬುದಷ್ಟೇ ನನ್ನ ಕೋರಿಕೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ಬಂದಾಗಿನಿಂದ ಅದು ಕಠಿಣ ಎಂದು ದೂರುವವರಿದ್ದಾರೆ. ನಂಜನಗೂಡು, ಚಾಮರಾಜನಗರದ ಕಡೆಯವರೊಬ್ಬರು ಅದನ್ನು ಗಟ್ಟಿಯಾಗಿ ಓದಿದರೆ ಆ ಕಾಠಿಣ್ಯದ ಅರ್ಧ ಅಲ್ಲೇ ಕರಗುತ್ತದೆ, ಅಚ್ಚಿನಲ್ಲಿ ಒಗಟಿನಂತಿದ್ದ ಸಾಲು ದನಿಯಲ್ಲಿ ಬರೀ ಮಾತಾಗುತ್ತದೆ. ಧಾರವಾಡದವರೂ ಮೈಸೂರಿನವರೂ ಮದುವೆಯಾದ ಮನೆಯಲ್ಲಿ ಇಬ್ಬರ ಕನ್ನಡವೂ ಪುಸ್ತಕದ ಮೂಲಕ ಒಂದೇ ಕೋಣೆಯಲ್ಲಿ ಓಡಾಡಬಹುದು. ಇನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಕನ್ನಡವನ್ನು ಚೆನ್ನಾಗಿ ಮಾತಾಡಿಯೂ ಒಂದು ಪುಟ ಓದಲು ತಡವರಿಸುವವರು ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಎಷ್ಟು ಜನರಿಲ್ಲ! ಅಂಥವರಿಗೆ ಕನ್ನಡ ಸಾಹಿತ್ಯದ ಬಾಗಿಲು ಎಂದರೆ ಓದಬಲ್ಲ ಬಾಳಸಂಗಾತಿಯ ಬಾಯಿ. ಹಳೆಯ ತಲೆಮಾರಿನಲ್ಲಿ ಕಾರಣ ಬೇರೆ, ಬಾಗಿಲು ಅದೇ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಗಂಡಸರ ಸಾಕ್ಷರತೆ ಶೇ 82.47, ಹೆಂಗಸರದು ಶೇ 68.08. ಎಷ್ಟೋ ಮನೆಗಳಲ್ಲಿ ಒಬ್ಬರಿಗೆ ಅಕ್ಷರ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಅಂಥ ಮನೆಯಲ್ಲಿ ಬಾಯಿ ಮುಚ್ಚಿ ಓದುವುದೆಂದರೆ ಪುಸ್ತಕವನ್ನು ಒಬ್ಬರ ಸೊತ್ತಾಗಿ ಇಟ್ಟುಕೊಂಡಂತೆ.

ಮೌನವಾಗಿ ಓದಿದರೆ ಬೇಗ ಆಗುತ್ತದೆ, ಆಳವಾಗಿ ಇಳಿಯುತ್ತದೆ, ಗಟ್ಟಿಯಾಗಿ ಓದುವುದು ಶಾಲಾಮಕ್ಕಳ ಕೆಲಸ ಎಂಬ ಮಾತಿದೆ. ಇದರಲ್ಲಿ ಸತ್ಯಾಂಶವಿದೆ. ತರ್ಕ ಹೆಣೆದುಕೊಂಡ ಶಾಸ್ತ್ರಗ್ರಂಥವನ್ನು, ಹಿಂದಕ್ಕೂ ಮುಂದಕ್ಕೂ ಪುಟ ತಿರುವಿ ಓದಬೇಕಾದ ಇತಿಹಾಸವನ್ನು ಒಬ್ಬರೇ ಕೂತು ಓದುವುದೇ ಸರಿ. ಆದರೆ ವೇಗದ ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬಾರ್ಟ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ತೋರಿಸಿದಂತೆ, ಇಂಗ್ಲಿಷಿನಲ್ಲಿ ವೈಚಾರಿಕ ಗದ್ಯವನ್ನು ಮೌನವಾಗಿ ಓದುವವರು ನಿಮಿಷಕ್ಕೆ ಸರಾಸರಿ 238 ಪದ ದಾಟುತ್ತಾರೆ, ಗಟ್ಟಿಯಾಗಿ ಓದುವವರು 183. ಕಾಲು ಭಾಗಕ್ಕಿಂತ ಕಡಿಮೆ ನಷ್ಟ. ಪ್ರತಿಯಾಗಿ ಸಿಗುವುದೂ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕಾಲಿನ್ ಮೆಕ್ಲೌಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಾಯಿಬಿಟ್ಟು ಓದಿದ ಪದಗಳು ಮೌನವಾಗಿ ಓದಿದ ಪದಗಳಿಗಿಂತ ಚೆನ್ನಾಗಿ ನೆನಪಿನಲ್ಲಿ ನಿಂತವು. ಈ ಲಾಭ ಓದುವವರಿಗೆ ಸೇರಿದ್ದು. ಪುಸ್ತಕ ಒಬ್ಬರ ಕೈಯಲ್ಲೇ ಉಳಿಯದೆ ಕೈ ಬದಲಾಗಬೇಕು ಎನ್ನಲು ಇದೂ ಒಂದು ಕಾರಣ. ಇನ್ನು ಆಳದ ಮಾತು. ಮೌನದ ಓದಿನಲ್ಲಿ ಬೇಸರವಾದ ಪುಟವನ್ನು ಹಾರಿಸಿಬಿಡುತ್ತೇವೆ, ಅರ್ಥವಾಗದ ಸಾಲನ್ನು ಅರ್ಥವಾಯಿತೆಂದುಕೊಂಡು ದಾಟುತ್ತೇವೆ. ಗಟ್ಟಿಯಾಗಿ ಓದುವವರಿಗೆ ಆ ಕಳ್ಳದಾರಿ ಇಲ್ಲ. ಅರ್ಥವಾಗದ ವಾಕ್ಯ ದನಿಯಲ್ಲಿ ಮುಗ್ಗರಿಸುತ್ತದೆ, ಎದುರಿಗಿರುವವರಿಗೆ ತಕ್ಷಣ ಗೊತ್ತಾಗುತ್ತದೆ.

ಆಡಿಯೊ ಬುಕ್ ಇರುವಾಗ ಗಂಟಲು ನೋಯಿಸಿಕೊಳ್ಳುವುದೇಕೆ ಎಂಬುದು ಇಂದಿನ ಕಾಲಕ್ಕೆ ತಕ್ಕ ಪ್ರಶ್ನೆ. ಆಡಿಯೊ ಬುಕ್ ಒಳ್ಳೆಯದು. ಕಣ್ಣು ಕಾಣದವರಿಗೆ, ಒಬ್ಬರೇ ಇರುವ ಹಿರಿಯರಿಗೆ, ದಿನಾ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವವರಿಗೆ ಅದರಿಂದ ಆಗುವ ಉಪಕಾರ ದೊಡ್ಡದು. ನುರಿತ ನಟರ ಉಚ್ಚಾರ ನಮ್ಮದಕ್ಕಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಆ ದನಿಗೆ ನಮ್ಮ ಮುಖ ಕಾಣುವುದಿಲ್ಲ. ಹೆಂಡತಿಯ ಕಣ್ಣು ತುಂಬಿದಾಗ ಅದು ನಿಧಾನಿಸುವುದಿಲ್ಲ, ಗಂಡ ಹುಬ್ಬು ಗಂಟಿಕ್ಕಿದಾಗ ಏನಾಯಿತು ಎಂದು ಕೇಳುವುದಿಲ್ಲ. ಗುಂಡಿ ಒತ್ತಿ ಅದನ್ನು ನಿಲ್ಲಿಸಬಹುದು, ಅದರೊಡನೆ ವಾದ ಮಾಡಲಾಗದು. ಇಬ್ಬರೂ ಒಂದೊಂದು ಇಯರ್‌ಫೋನ್ ಹಾಕಿಕೊಂಡು ಒಂದೇ ಕಥೆ ಕೇಳಿದರೂ ಅಲ್ಲಿ ಕೇಳುಗರಿಬ್ಬರು ಇರುತ್ತಾರೆಯೇ ಹೊರತು ಒಬ್ಬರಿಗಾಗಿ ದುಡಿಯುವ ಇನ್ನೊಬ್ಬರು ಇರುವುದಿಲ್ಲ. ಓದಿ ಹೇಳುವುದು ಶ್ರಮ. ಬಾಯಿ ಒಣಗುತ್ತದೆ, ಕಣ್ಣು ಸೋಲುತ್ತದೆ. ದಿನದ ಕೆಲಸ ಮುಗಿಸಿ ಬಂದವರು ಇನ್ನೊಬ್ಬರಿಗಾಗಿ ಆ ಶ್ರಮವನ್ನು ತಾವಾಗಿ ಕೈಗೆತ್ತಿಕೊಳ್ಳುವುದರಲ್ಲಿ ಪ್ರೀತಿಯ ಎಷ್ಟು ಪಾಲಿದೆ ಎಂದು ಕೇಳುವವರಿಗೆ ತಿಳಿಯುತ್ತದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವ ಆಕ್ಷೇಪ ಬೇರೆ. ಸಮಯ ಯಾರಿಗಿದೆ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ, ಆರು ವರ್ಷ ದಾಟಿದ ಹೆಂಗಸರಲ್ಲಿ ಶೇ 81.2ರಷ್ಟು ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ, ಅದಕ್ಕೆ ಅವರು ಕೊಡುವುದು ಸರಾಸರಿ 299 ನಿಮಿಷ. ಗಂಡಸರಲ್ಲಿ ಆ ಕೆಲಸಕ್ಕೆ ಕೈಹಾಕುವವರೇ ಶೇ 26.1, ಕೈಹಾಕಿದವರು ಕೊಡುವುದು 97 ನಿಮಿಷ. ಈ ಲೆಕ್ಕವನ್ನು ಎದುರಿಗಿಟ್ಟುಕೊಳ್ಳದೆ ಗಂಡಹೆಂಡಿರ ಓದಿನ ಬಗ್ಗೆ ಬರೆಯುವುದು ಅಪ್ರಾಮಾಣಿಕ. ಹೆಂಡತಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ, ಹಿಟ್ಟು ನಾದುತ್ತಾ ಇರಲಿ, ಗಂಡ ಕುರ್ಚಿ ಎಳೆದುಕೊಂಡು ಕಥೆ ಓದಲಿ ಎಂದರೆ ಕೇಳಲು ಇಂಪಾಗಿರುತ್ತದೆ, ಆದರೆ ಅದು ಹಳೆಯ ಅನ್ಯಾಯಕ್ಕೆ ಹಿನ್ನೆಲೆ ಸಂಗೀತ ಹಾಕಿದಂತೆ. ಓದು ಕೆಲಸಕ್ಕೆ ಬದಲಿಯಾಗಬಾರದು. ಒಂದು ದಿನ ಅವಳು ಓದಲಿ, ಅವನು ಬೀನ್ಸ್ ನಾರು ತೆಗೆಯಲಿ, ಬಟ್ಟೆ ಮಡಚಲಿ. ಕೈಗೆ ಕೆಲಸವಿದ್ದು ಕಿವಿ ಖಾಲಿಯಿರುವ ಹೊತ್ತು ಮನೆಯಲ್ಲಿ ಬೇಕಾದಷ್ಟಿದೆ, ಅದನ್ನು ಸರದಿಯಲ್ಲಿ ಹಂಚಿಕೊಂಡರೆ ಓದಿಗೆಂದು ಹೊಸದಾಗಿ ಹೆಚ್ಚು ಸಮಯ ಹುಡುಕಬೇಕಿಲ್ಲ. ದಿನಕ್ಕೆ ಕಾಲು ಗಂಟೆ ಎಂದರೂ ವರ್ಷಕ್ಕೆ 91 ಗಂಟೆ. ಸಾಧಾರಣ ಗಾತ್ರದ ಕಾದಂಬರಿಯನ್ನು ಗಟ್ಟಿಯಾಗಿ ಓದಲು ಏಳೆಂಟು ಗಂಟೆ ಹಿಡಿದರೆ, ವರ್ಷಕ್ಕೆ ಹತ್ತು ಪುಸ್ತಕ ದಾಟಬಹುದು. ಫೋನಿನ ಪರದೆಯನ್ನು ಬೆರಳಲ್ಲಿ ತಳ್ಳುತ್ತಾ ಕಳೆಯುವ ಹೊತ್ತಿನಲ್ಲಿ ಕಾಲು ಗಂಟೆ ಬಹುಪಾಲು ಮನೆಗಳಲ್ಲಿ ಸಿಗುತ್ತದೆ. ಎರಡು ಪಾಳಿಯಲ್ಲಿ ದುಡಿದು ಮುಖ ನೋಡಿಕೊಳ್ಳಲೂ ಬಿಡುವಿಲ್ಲದ ಜೋಡಿಗಳಿಗೆ ಈ ಮಾತು ಹೇಳಲಾರೆ. ಅವರಿಗೆ ಮೊದಲು ಬೇಕಾದದ್ದು ಬಿಡುವು.

ಗಂಡ ಓದತೊಡಗಿದರೆ ಪಾಠ ಹೇಳತೊಡಗುತ್ತಾನೆ ಎಂಬ ಅಂಜಿಕೆಯೂ ಬರೀ ಕಲ್ಪನೆಯಲ್ಲ. ತನಗೆ ಹೆಚ್ಚು ಗೊತ್ತು ಎಂದುಕೊಂಡವರ ಕೈಗೆ ಪುಸ್ತಕ ಸಿಕ್ಕರೆ ಅದು ಬೆತ್ತವಾಗುವುದು ಸುಲಭ. ನಮ್ಮ ಪುರಾಣ ಪ್ರವಚನದ ಕಟ್ಟೆಯಲ್ಲಿ ಹೇಳುವವರು ಒಬ್ಬರು, ತಲೆದೂಗುವವರು ಹಲವರು, ಹೆಂಗಸರಿಗೆ ತಲೆದೂಗುವ ಪಾಲೇ ಬಂದದ್ದು ಹೆಚ್ಚು. ಮನೆಯ ಓದು ಆ ಕಟ್ಟೆಯ ಚಿಕ್ಕ ಆವೃತ್ತಿಯಾದರೆ ಬೇಡವೇ ಬೇಡ. ಮುದ್ದಣನ ಕಾಲಕ್ಕೆ ಹೆಣ್ಣುಮಕ್ಕಳಿಗೆ ಶಾಲೆಯೇ ಅಪರೂಪವಾಗಿದ್ದಾಗ, ಪಂಡಿತ ಗಂಡನ ಭಾಷೆಯನ್ನೇ ತಿದ್ದುವ ಹೆಂಡತಿಯನ್ನು ಆತ ಕಾವ್ಯದ ಮುಂಬಾಗಿಲಲ್ಲಿ ನಿಲ್ಲಿಸಿದ್ದು ನನಗೆ ಇವತ್ತಿಗೂ ಬೆರಗು. ಮನೋರಮೆ ಕಥೆಯ ನಡುನಡುವೆ ಕೆಣಕುತ್ತಾಳೆ, ಸಂಶಯ ಎತ್ತುತ್ತಾಳೆ, ಅವನು ಅವಳನ್ನು ಒಪ್ಪಿಸಿ ಮುಂದೆ ಸಾಗಬೇಕು. ಇಂಥ ಕೇಳುಗರಿದ್ದಲ್ಲಿ ಪಾಠ ನಡೆಯುವುದಿಲ್ಲ. ಹಾಗೆ ತಡೆಯುವ ಸಲುಗೆ ಮನೆಯಲ್ಲಿ ಇಲ್ಲದಿದ್ದರೆ, ತೊಂದರೆ ಓದಿನಲ್ಲಿಲ್ಲ, ಓದು ಅದನ್ನು ಹೊರಗೆ ತಂದು ತೋರಿಸುತ್ತದೆ ಅಷ್ಟೆ. ಅತ್ತೆ ಮಾವ ಇರುವ ಮನೆಯಲ್ಲಿ ಗಂಡಹೆಂಡಿರು ಕೂತು ಕಥೆ ಓದುವುದಕ್ಕೆ ಸಂಕೋಚ ಎನ್ನುವವರಿದ್ದಾರೆ. ದೇವಿ ಪುರಾಣಕ್ಕೆ ಇಲ್ಲದ ಸಂಕೋಚ ಕಾದಂಬರಿಗೆ ಬೇಕಿಲ್ಲ, ಅತ್ತೆಯವರೂ ಬಂದು ಕೂತರೆ ಕೇಳುವ ಕಿವಿ ಹೆಚ್ಚಾಯಿತು.

ಇಬ್ಬರ ರುಚಿಯೂ ಬೇರೆಯಾದರೆ ಎಂಬುದಕ್ಕೆ ಉತ್ತರ ಪುಸ್ತಕದ ಆಯ್ಕೆಯಲ್ಲಿದೆ. ಶುರುವಿಗೆ ದೊಡ್ಡ ಗ್ರಂಥ ಬೇಡ. ತೇಜಸ್ವಿ ಅವರ ‘ಕರ್ವಾಲೊ’ದಲ್ಲಿ ಮಂದಣ್ಣ, ಪ್ಯಾರ, ಕರಿಯಪ್ಪ ಒಬ್ಬೊಬ್ಬರಿಗೂ ಒಂದೊಂದು ದನಿಯಿದೆ, ಓದುವವರ ಬಾಯಿ ತಾನಾಗಿ ಬದಲಾಗುತ್ತದೆ. ಕಾರಂತರ ‘ಮೂಕಜ್ಜಿಯ ಕನಸುಗಳು’ ಅಜ್ಜಿ ಮೊಮ್ಮಗನ ಮಾತುಕತೆಯಲ್ಲೇ ಬೆಳೆಯುವ ಕಾದಂಬರಿ, ದೇವರು, ಕಾಮ, ಸಾವು ಎಲ್ಲವೂ ಅಲ್ಲಿ ಮನೆಮಾತಿನಲ್ಲಿ ಬರುತ್ತವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಚಿಕ್ಕದು, ಆದರೆ ದುಡ್ಡು ಬಂದ ಮನೆಯಲ್ಲಿ ಸೊಸೆಯ ಮಾತಿಗೆ ಏನಾಗುತ್ತದೆ ಎಂಬುದರ ಬಗ್ಗೆ ಗಂಡಹೆಂಡಿರು ಅದನ್ನು ಓದಿ ಸುಮ್ಮನಿರಲಾರರು. ‘ಮಲೆಗಳಲ್ಲಿ ಮದುಮಗಳು’ ಓದಬೇಕೆನಿಸಿದರೆ ಒಂದು ಮಳೆಗಾಲವನ್ನೇ ಅದಕ್ಕೆ ಎತ್ತಿಡಬೇಕು, ಅದರ ಪಾತ್ರಗಳ ಜಾತ್ರೆಯಲ್ಲಿ ‘ಇವನು ಯಾರ ಮಗ’ ಎಂದು ಕೇಳುವವರಿಗೆ ಓದುವವರು ಬೇಸರಪಡದೆ ಹತ್ತು ಪುಟ ಹಿಂದಕ್ಕೆ ತಿರುವಬೇಕು. ಸರದಿಯಲ್ಲಿ ಪುಸ್ತಕ ಆರಿಸುವುದು ಒಳ್ಳೆಯದು, ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಐವತ್ತು ಪುಟದವರೆಗಾದರೂ ಸಹಿಸಿಕೊಳ್ಳಲಿ. ಆಮೇಲೂ ಕೇಳುವವರಿಗೆ ಹಿಡಿಸದಿದ್ದರೆ ಅದು ಎಷ್ಟೇ ದೊಡ್ಡ ಪ್ರಶಸ್ತಿ ಪಡೆದ ಪುಸ್ತಕವಾಗಿರಲಿ, ಕಾರಣ ಕೇಳದೆ ಮುಚ್ಚಿಟ್ಟು, ಮರುದಿನ ಅವರು ಆರಿಸಿದ್ದನ್ನು ತೆರೆಯಬೇಕು.